ಅದೇ ಕೆಂಪಲ್ಲ

ಅಂಕೋಲೆಯ ಷಡ್ಡಕ ಫೋನು ಮಾಡಿ ನಗುತ್ತಾನೆ:
ಸಮುದ್ರ ಇರೋದು ನಮ್ಮ ಹಿತ್ತಿಲಲ್ಲಿ,
ನೀವು ಮೂರು ಸಾವಿರ ಅಡಿ ಮೇಲೆ ಕೂತವರು,
ಮುಳುಗೋದು ಮಾತ್ರ ನೀವೇ. ಅದು ಹ್ಯಾಂಗೆ ಮಾರಾಯ?

ಏನು ಹೇಳಲಿ.
ಎತ್ತರದ ಊರಿಗೂ ಒಂದು ತಗ್ಗು ಇರುತ್ತದೆ,
ತಗ್ಗಿನಲ್ಲಿ ಬಾಡಿಗೆ ಕಡಿಮೆ ಇರುತ್ತದೆ,
ಅಲ್ಲಿ ನನ್ನ ಅಂಗಡಿ ಇರುತ್ತದೆ:
ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ,
ಅಂಡರ್‌ಪಾಸಿಗಿಂತ ಎಂಟು ಬಾಗಿಲು ಈಚೆ,
ಒಂದು ಹೊಲಿಗೆ ಮಿಷನ್ನು, ಒಂದು ಕನ್ನಡಿ,
ದೀಪಾವಳಿಗೆ ಕೊಡಬೇಕಾದ ನಲವತ್ತು ರವಿಕೆ.

ಇಲ್ಲಿ ನೀರು ಬಾಗಿಲಿಂದ ಬರುವುದಿಲ್ಲ.
ಹೊಸ್ತಿಲಿಗೆ ಮರಳುಚೀಲ ಒಡ್ಡಿ ಕಾಯುತ್ತಾ ಕೂತರೆ
ಹಿಂದಿನಿಂದ, ಬಚ್ಚಲ ತೂತಿಂದ,
ಗುಳುಕ್ ಎಂದು, ಮನೆಯವರ ಹಾಗೆ ಬರುತ್ತದೆ.
ಮೊದಲು ವಾಸನೆ. ಆಮೇಲೆ ಜಿರಳೆಗಳು ಗೋಡೆ ಹತ್ತುತ್ತವೆ.
ಜಿರಳೆ ಹತ್ತಿತೆಂದರೆ ನಾನೂ ಹತ್ತಬೇಕು:
ಮೇನ್ ಆಫ್. ಮೋಟಾರು ಬಿಚ್ಚಿ ಅಟ್ಟಕ್ಕೆ.
ಅಳತೆ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ.
ಬಚ್ಚಲ ಬಾಯಿಗೆ ಚಿಂದಿಯ ಗಂಟು, ಅದರ ಮೇಲೆ ರುಬ್ಬುಗಲ್ಲು.
ಯಾರೂ ಕಲಿಸಲಿಲ್ಲ. ಮೂರು ಮಳೆ ಕಲಿಸಿದವು.

ಆ ರಾತ್ರಿ ಟೇಪು ಕೊರಳಲ್ಲೇ ಇತ್ತು.
ಕೈ ಸುಮ್ಮನಿರದೆ ಮೇಲಿನ ಮೆಟ್ಟಿಲಲ್ಲಿ ನಿಂತು
ರಸ್ತೆಯ ನೀರಿನ ಅಳತೆ ತಗೊಂಡೆ.
ಒಂಬತ್ತಕ್ಕೆ ಏಳಿಂಚು. ಒಂಬತ್ತೂವರೆಗೆ ಹದಿನಾಲ್ಕು.
ಇಷ್ಟು ಬೇಗ ಬೆಳೆಯುವ ಮಗುವಿಗೆ
ಒಳಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟರೆ ಸಾಕು?

ಆಗ ಬಂದಳು ಅಕ್ಕಯ್ಯಮ್ಮ, ನಡುರಸ್ತೆಯಲ್ಲಿ,
ಉದ್ದ ಪೊರಕೆ ತಲೆಕೆಳಗು ಹಿಡಿದು
ಕೋಲಿಂದ ನೆಲ ಕುಕ್ಕುತ್ತಾ,
ಕುಕ್ಕಿ ನೋಡಿದಲ್ಲಿ ಮಾತ್ರ ಕಾಲಿಡುತ್ತಾ.
ಬೆಳಿಗ್ಗೆ ಆರಕ್ಕೆ ಇದೇ ರಸ್ತೆ ಗುಡಿಸುವವಳಿಗೆ
ಕಪ್ಪು ನೀರಿನ ಕೆಳಗೆ ಎಲ್ಲಿ ಡಾಂಬರು
ಎಲ್ಲಿ ಬಾಯಿ, ಗೊತ್ತು.

'ದಸ್ತಗೀರಣ್ಣಾ, ಮುಚ್ಚಳ ಹಾರೋಗೈತೆ ಅಂಡರ್‌ಪಾಸ್ ತಾವ.
ಸುಳಿ ತಿರುಗ್ತಾ ಐತೆ. ಒಂದು ಕೆಂಪು ಬಟ್ಟೆ ಕೊಡು.
ಬಿರ್‍ನೆ. ಗಾರ್ಮೆಂಟ್ಸು ಬಿಡೋ ಹೊತ್ತು.'

ಕೆಂಪು ಚೂರೆಲ್ಲ ಬಚ್ಚಲ ಬಾಯಲ್ಲಿ, ಕಲ್ಲಿನಡಿ.
ಅಟ್ಟದ ಮೇಲೆ ಒಂದಿತ್ತು:
ವಾಗ್ದೇವಿ ಮೇಡಂ ಮಗಳ ನಿಶ್ಚಿತಾರ್ಥಕ್ಕೆಂದು
ಸೀರೆಯ ಸೆರಗಾಚೆಯಿಂದ ಕತ್ತರಿಸಿ ಕೊಟ್ಟ ಕಣ.
ಒಂದು ಸೀರೆಗೆ ಅದು ಒಂದೇ.
ಕತ್ತರಿ ಒಂದು ಗಳಿಗೆ ಬಾಯಿ ತೆರೆದೇ ನಿಂತಿತು.

'ಕಂಬ ಮುಟ್ಟಬೇಡ, ಕಂಬದ ಕಡೀಕೂ ಬರಬೇಡ'
ಅಂದಳು, ತಿರುಗಿ ನೋಡದೆ.
ಟೇಪಿನ ಒಂದು ತುದಿ ಅವಳ ಮುಷ್ಟಿಯಲ್ಲಿ,
ಇನ್ನೊಂದು ನನ್ನದರಲ್ಲಿ,
ನಡುವೆ ಅರವತ್ತು ಇಂಚು ಮಳೆ.
ಡಿವೈಡರಿನ ಸಂದಿಗೆ ಕೋಲು ಸಿಕ್ಕಿಸಿ, ಬಟ್ಟೆ ಕಟ್ಟಿ,
ಅಲ್ಲೇ ನಿಂತೆವು. ಹೋಗಲು ಮನಸ್ಸಾಗಲಿಲ್ಲ.
ಕತ್ತಲೆಯಲ್ಲಿ ಕೆಂಪೂ ಕಪ್ಪೇ ಅಲ್ಲವೇ,
ಬಾಯಿಯೂ ಬೇಕಾಯಿತು.

ಕೆಲವರು ಬೈಕು ತಿರುಗಿಸಿದರು.
ಕೆಲವರು ನಮ್ಮನ್ನೇ ಬೈದು, ಆಮೇಲೆ ತಿರುಗಿಸಿದರು.
ಒಬ್ಬ ಕೇಳಿದ: ಎಷ್ಟು ಆಳ?
ಹೆಡ್‌ಲೈಟಿನಲ್ಲಿ ಅವನನ್ನೊಮ್ಮೆ ನೋಡಿ ಹೇಳಿದೆ:
ನಿಮ್ಮ ಸೊಂಟಕ್ಕಿಂತ ನಾಲ್ಕಿಂಚು ಮೇಲೆ.
ಮೂವತ್ತು ವರ್ಷದ ಕಸುಬು, ಅವನು ನಂಬಿದ.

ಒಂದು ಗಂಟೆಗೆ ಮಳೆ ಬಿಟ್ಟಿತು.
ಯಾರು ಉಳಿದರೋ ತಿಳಿಯದು,
ಬೀಳದವರು ಬಂದು ಹೆಸರು ಹೇಳಿ ಹೋಗುವುದಿಲ್ಲ.

ಬುಧವಾರ ವಾಗ್ದೇವಿ ಮೇಡಂ ಬಂದರು.
ಚಿಕ್ಕಪೇಟೆಯೆಲ್ಲ ಅಲೆದು ತಂದ ನಾಲ್ಕು ಕೆಂಪು ಮುಂದಿಟ್ಟೆ.
ನಡೆದದ್ದು ಹೇಳಿದೆ. ಕೇಳಿಸಿಕೊಂಡರು.
ಒಂದನ್ನು ಸೀರೆಯ ಪಕ್ಕ ಹಿಡಿದು, ಮೆಟ್ಟಿಲ ಬೆಳಕಿಗೆ ಒಯ್ದು,
'ಇದು ಅದೇ ಕೆಂಪಲ್ಲ' ಅಂದರು.
ಅಲ್ಲ ಮೇಡಂ, ಅಂದೆ.

ಹೊರಗೆ ಮುಚ್ಚಳ ಇನ್ನೂ ಬಂದಿಲ್ಲ.
ಅಕ್ಕಯ್ಯಮ್ಮ ಮನೆಯ ಗಿಡ್ಡ ಪೊರಕೆ ತಂದು
ಬಾಗಿ ಬಾಗಿ ಕೆಸರು ಗುಡಿಸುತ್ತಿದ್ದಾಳೆ.
ಉದ್ದದ್ದು ಡ್ಯೂಟಿಯಲ್ಲಿದೆ.