ಜಂತಿಯ ಬಲೆ

ಆ ಬುಧವಾರ ಇಳಿತವಿತ್ತು.
ಕಾಳಿಯ ಕೆಸರಲ್ಲಿ ಪಾತಿದೋಣಿ ಕೂತುಬಿಟ್ಟಿತ್ತು.
ಪೆಟ್ಟಿಗೆಯ ಐಸು ಕರಗೀತೆಂದು
ಸದಾಶಿವಗಡದ ದಂಡೆಯಿಂದಲೇ ಹಿಂದಿರುಗಿದೆ.
ರಿಜಿಸ್ಟರಿನಲ್ಲಿ ಬರೆದೆ:
ರೂಪಾಲಿ, ನಾಲ್ಕು ವರ್ಷ, ಗೋವೆಯಿಂದ ಬಂದವಳು,
ಕಾರ್ಡು ಕಳೆದಿದೆ, ಎರಡೂ ಡೋಸು ಬಾಕಿ. ಮುಂದಿನ ವಾರ.
ಮುಂದಿನ ವಾರ ಪೋಲಿಯೊ ಕೆಲಸ. ಅದರ ಮುಂದಿನ ವಾರ ಮಳೆ.

ದಡಾರಕ್ಕೆ ದೋಣಿ ಬೇಡ.

ಕೆನ್ನೆಯೊಳಗೆ ಟಾರ್ಚು ಬಿಟ್ಟರೆ
ಸಾಣಿಕಟ್ಟಾದ ಉಪ್ಪು ಚೆಲ್ಲಿದ ಹಾಗೆ ಚುಕ್ಕೆ.
ಮರುದಿನ ಕಿವಿಯ ಹಿಂದಿನಿಂದ ಕೆಂಪು ಇಳಿಯಿತು.
ಹದಿನೈದು ದಿನಕ್ಕೆ ವಾಸಿ.
ಅಜ್ಜ ಗಣಬಾ ಎರಡು ನೊಗಲಿ ತಂದು ಕೊಟ್ಟ,
ಬೇಡವೆನ್ನಲು ಬಾಯಿ ಬರಲಿಲ್ಲ.

ನವೆಂಬರಿನಲ್ಲಿ ಮತ್ತೆ ಜ್ವರ. ಡಿಸೆಂಬರಿನಲ್ಲಿ ಕಿವಿ ಸೋರಿತು.
"ಅಕ್ಕೋರೇ, ಈ ಶೀತ ಹೋದ ವರ್ಷವೇ ಬಂದು ಹೋದದ್ದಲ್ಲ?
ಇವಳ ಮೈಗೆ ಗುರುತು ಸಿಗಲಿಲ್ಲವಾ?"

ಅಜ್ಜ ಜೂಗದ ಮನೆಯಂಗಳದಲ್ಲಿ ಬಲೆ ಹೆಣೆಯುತ್ತಿದ್ದ.
ನನಗೆ ಅದೇ ಸಿಕ್ಕಿತು, ಅದನ್ನೇ ಹಿಡಿದೆ.

ಮೈಯೊಳಗೂ ಒಂದು ಬಲೆಮನೆ ಇದೆ, ಅಜ್ಜಾ.
ಯಾವ ಮೀನು ಬಂದೀತೋ ಗೊತ್ತಿಲ್ಲದೆಯೇ
ಕೋಟಿ ಅಳತೆಯ ಕಣ್ಣು, ಒಂದೊಂದೇ ತುಂಡು,
ಮೊದಲೇ ಹೆಣೆದಿಟ್ಟಿರುತ್ತದೆ.
ಹೊಸ ವೈರಸ್ಸು ಬಂದಾಗ ಒಂದೊಂದನ್ನೇ ಹಿಡಿದು ನೋಡುತ್ತದೆ,
ಇದು ಸಡಿಲ, ಇದು ಬಿಗಿ, ಇದಲ್ಲ, ಇದೂ ಅಲ್ಲ.
ಆ ತಡಕಾಟದ ದಿನಗಳಲ್ಲೇ ನಾವು ಮಲಗಿರುವುದು.
ಸರಿಯಾದದ್ದು ಕೂತಿತೋ,
ಕುತ್ತಿಗೆಯಲ್ಲಿ ಗಳಲೆ ಉಬ್ಬುವಷ್ಟು ಮಂದಿ ಸೇರಿ
ಹಗಲೂ ರಾತ್ರಿ ಅದೇ ಕಣ್ಣಿನ ಬಲೆ.
ಕೆಲಸ ಮುಗಿದ ಮೇಲೆ ಹೆಚ್ಚಿನವು ಹರಿದು ಹೋಗುತ್ತವೆ.
ನಾಲ್ಕಾರನ್ನು ಮಡಚಿ ಜಂತಿಗೆ ಸಿಕ್ಕಿಸಿಡುತ್ತದೆ.
ಅದೇ ಮೀನು ಮತ್ತೆ ಬಂದರೆ
ನಿನಗೆ ಸೀನು ಬರುವ ಮೊದಲೇ ಬಲೆ ಬಿದ್ದಿರುತ್ತದೆ.
ನನ್ನ ಪೆಟ್ಟಿಗೆಯಲ್ಲಿರುವುದು
ಹಲ್ಲು ಕಿತ್ತ ಮೀನು. ಅಳತೆಗೆ ಮಾತ್ರ.

"ಮತ್ತೆ ಇವಳದ್ದು?"

ದಡಾರ ಜಂತಿಗೇ ಹತ್ತುವ ಇಲಿ, ಅಜ್ಜಾ.
ಮಡಚಿಟ್ಟದ್ದನ್ನೆಲ್ಲ ಕಡಿಯುತ್ತದೆ.
ತಮಾಷೆ ನೋಡು, ತನ್ನನ್ನು ಹಿಡಿಯುವ ಬಲೆಯೊಂದನ್ನು
ಜನ್ಮವಿಡೀ ಬಾಳುವ ಹಾಗೆ ಬಿಟ್ಟು ಹೋಗುತ್ತದೆ.

ಅಜ್ಜ ನಗಲಿಲ್ಲ.
"ಮತ್ತೆ ಹೆಣೆಯಲು?"
ಎರಡು ವರ್ಷ, ಅಂದೆ. ಮೂರೂ ಆದೀತು.
ಒಂದೊಂದೇ ಜ್ವರ ಬಂದು ಕಲಿಸಬೇಕು.

ಒಳಗೆ ರೂಪಾಲಿ ಕೆಮ್ಮಿದಳು.
ಬಲೆಸೂಜಿ ಒಂದು ಕಣ್ಣಿನ ನಡುವೆ ನಿಂತಿತು.
ಆ ಬುಧವಾರದ ಮಾತು ನಾನೇ ಎತ್ತಿದೆ,
ಇಳಿತ, ದೋಣಿ, ಐಸು.

"ಕೂಗಬೇಕಿತ್ತು," ಅಂದ,
ತಲೆಯೆತ್ತದೆ.
"ಸೊಂಟದವರೆಗಿನ ಕೆಸರು ಅದು.
ನಡೆದು ಬಂದು
ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ತರುತ್ತಿದ್ದೆ."