ಇಪ್ಪತ್ತು ಡಿಗ್ರಿಯ ಕೋಣೆ

ಎಲ್ಗೊಯ್ಬಾರಿನಲ್ಲಿ, ಹೊಳೆಗೆ ಬೆನ್ನು ಮಾಡಿದ ಕಾರ್ಖಾನೆಯೊಳಗೆ
ಕಿಟಕಿಯಿಲ್ಲದ ಒಂದು ಕೋಣೆ.
ಹೊರಗೆ ಚಳಿಯೋ ಸೆಕೆಯೋ, ಒಳಗೆ ಸದಾ ಇಪ್ಪತ್ತು ಡಿಗ್ರಿ.
ಬಿಸಿಗೆ ಉಕ್ಕೂ ಉಬ್ಬುತ್ತದೆ, ಹೊಗಳಿಕೆಗೆ ನಾವು ಉಬ್ಬಿದ ಹಾಗೆ;
ಎರಕದ ಪಂಪುಚಕ್ರ ರಾತ್ರಿಯಿಡೀ ಇಲ್ಲೇ ಕೂತು
ತನ್ನ ನಿಜದ ಗಾತ್ರಕ್ಕೆ ಇಳಿಯಬೇಕು.

ಬೆಳಿಗ್ಗೆ ಮಯಾಲೆನ್ ಬಂದು
ಬಿಳಿ ಪುಡಿ ಸಿಂಪಡಿಸುತ್ತಾಳೆ, ತೆಳ್ಳಗೆ, ಇಬ್ಬನಿ ಕೂತಂತೆ.
ಹೊಳೆಯುವುದನ್ನು ಬೆಳಕು ಅಳೆಯಲಾರದು,
ಕಣ್ಣು ಕುಕ್ಕಿ ಸುಳ್ಳು ಹೇಳುತ್ತದೆ.
ಕಾಣಬೇಕೆಂದರೆ ಮೊದಲು ಮಂಕಾಗಬೇಕು.
(ಆ ಪುಡಿಗೂ ದಪ್ಪವಿದೆ. ಅದನ್ನೂ ಲೆಕ್ಕದಿಂದ ಕಳೆಯುತ್ತಾಳೆ.)

ಆಮೇಲೆ ನೀಲಿ ಪಟ್ಟೆಗಳು.
ನೇರ ಹೊರಟ ಗೆರೆ ರೆಕ್ಕೆಯ ತಿರುವಿಗೆ ಬಿದ್ದು ಬಾಗುತ್ತದೆ.
ಎರಡು ಕ್ಯಾಮೆರಾ ಎರಡು ಕಡೆಯಿಂದ ಆ ಬಾಗನ್ನು ಹಿಡಿಯುತ್ತವೆ.
ಮೇಜು ತುಸು ತಿರುಗುತ್ತದೆ. ಮತ್ತೆ ಪಟ್ಟೆ.
ಮತ್ತೆ.
ಲಕ್ಷಾಂತರ ಚುಕ್ಕಿ ಸೇರಿ ಪರದೆಯ ಮೇಲೆ ಒಂದು ಮೈ.

ನಕ್ಷೆಯ ಮೇಲೆ ಕೂರಿಸಿದರೆ ಬಣ್ಣ ಬರುತ್ತದೆ:
ಸರಿಯಿದ್ದಲ್ಲಿ ಹಸಿರು, ಉಬ್ಬಿದಲ್ಲಿ ಕೆಂಪು, ತಗ್ಗಿದಲ್ಲಿ ನೀಲಿ.
ಮೂರನೇ ರೆಕ್ಕೆಯ ಬುಡ ಇವತ್ತು ಕೆಂಪು.
ಮಿಲಿಮೀಟರಿನ ನೂರರಲ್ಲಿ ಎಂಟು ಪಾಲು. ಒಂದು ಕೂದಲೆಳೆ.
"ಅಚ್ಚು ಸವೆದಿದೆ ಅಂತ ಮಂಗಳವಾರವೇ ಹೇಳಿದ್ದೆ,"
ಬಾಗಿಲಲ್ಲಿ ಪ್ರುಡೆನ್, ಹೆಬ್ಬೆರಳು ಎತ್ತಿ.
ಹೇಳಿದ್ದು ಹೌದು.
ಎಷ್ಟು ಅಂತ ಹೇಳಿರಲಿಲ್ಲ.

ಅವನ ಕೊನೆಯ ಶುಕ್ರವಾರ
ಜೇಬಿನಿಂದ ಹಿತ್ತಾಳೆಯ ಗೇಜು ತೆಗೆದು ಮೇಜಿನ ಮೇಲಿಟ್ಟ,
ಇಪ್ಪತ್ತರ ಹರೆಯದಲ್ಲಿ ಕೈಯಾರೆ ಅರ ತಿಕ್ಕಿ ಮಾಡಿದ್ದು.
"ನಿನ್ನ ದೀಪ ಇದಕ್ಕೇನು ಹೇಳುತ್ತದೋ ನೋಡೋಣ."
ನಗುತ್ತಿದ್ದ; ಸ್ವಲ್ಪ ಹೆದರಿಯೂ ಇದ್ದ.

"ಮೊದಲು ನಿಮ್ಮ ಮೈಬಿಸಿ ಆರಲಿ ಅದಕ್ಕೆ," ಅಂದಳು.
ಒಂದು ತಾಸು ಕಾದರು. ಕಾಫಿ, ಮೊಣಕಾಲು ನೋವಿನ ಮಾತು,
ಹೊಸ ಮೇಲ್ವಿಚಾರಕನ ಬೂಟು.

ಗೇಜಿಗೆ ನಕ್ಷೆಯಿರಲಿಲ್ಲ. ಹಿಡಿ ಸಪಾಟಿದ್ದಿತೆಂದೇ ನಂಬಿ
ಒಂದು ಸಮತಲ ಹೊಂದಿಸಿದಳು.
ತುದಿ ಹಸಿರು. ಅಂಚು ಇಷ್ಟು ವರ್ಷಕ್ಕೂ ಹಸಿರು.
ಹಿಡಿಯ ನಡುವೆ ಮಾತ್ರ ಒಂದು ನೀಲಿ ತೇಪೆ,
ಮೊಟ್ಟೆಯಾಕಾರ, ಎಡಕ್ಕೆ ವಾಲಿದ್ದು,
ನೂರರಲ್ಲಿ ಮೂರು ಪಾಲು ತಗ್ಗು.

ಪ್ರುಡೆನ್ ಪರದೆಯ ಮೇಲೆ ಹೆಬ್ಬೆರಳಿಟ್ಟ.
ಅಲ್ಲಿ ಅದು ಹತ್ತು ಪಟ್ಟು ದೊಡ್ಡದು; ಹೊಂದಲಿಲ್ಲ.
ಗೇಜಿನ ಮೇಲಿಟ್ಟ.
ಕೂತಿತು.

ವರದಿಯ ಕೊನೆಯ ಸಾಲು ಕೇಳುತ್ತಲೇ ಇತ್ತು:
ಸ್ವೀಕೃತವೋ, ತಿರಸ್ಕೃತವೋ.
ಅವಳು ಬಟ್ಟೆಯಿಂದ ಪುಡಿ ಒರೆಸಿ ಗೇಜು ಮರಳಿಸಿದಳು.
ಬಸ್ಸು ನಾಲ್ಕು ಹತ್ತಕ್ಕೆ, ಅಂದ ಅವನು.