ಹದಿನೈದು ದ್ರಾಕ್ಷಿ

ತೆಲಾವಿಯ ಡಾಕ್ಟರು, ನಮ್ಮ ಮಗಳಿಗಿಂತ ಚಿಕ್ಕವಳು,
ತಲೆ ಎತ್ತದೆ ಬರೆದುಕೊಟ್ಟಳು ಚೀಟಿ:
ದಿನಕ್ಕೆ ಸಾವಿರದ ಮುನ್ನೂರು ಕ್ಯಾಲೊರಿ.
ಬ್ರೆಡ್ಡು ಎರಡು ತುಂಡು.
ಚೀಸು ಬೆಂಕಿಪೊಟ್ಟಣದಷ್ಟು.
ವೈನು ಎಂಬಲ್ಲಿ ಬರೀ ಒಂದು ಗೀಟು.
ಹಣ್ಣು: ಸೇಬಾದರೆ ಒಂದು, ದ್ರಾಕ್ಷಿಯಾದರೆ ಹದಿನೈದು.

ಹದಿನೈದು ಗೊಂಚಲೇ ತಾಯಿ, ಎಂದು ಕೇಳಿದ ಜುಂಬೇರ್.
ಅವಳು ನಗಲಿಲ್ಲ.
ಎದೆಯ ಚಿತ್ರವನ್ನು ದೀಪಕ್ಕೆ ಹಿಡಿದು ತೋರಿಸಿದಳು.
ಆಮೇಲೆ ನಾವೂ ನಗಲಿಲ್ಲ.

ಅಲಜಾನಿ ಕಣಿವೆಯಲ್ಲಿ ಸೆಪ್ಟೆಂಬರ್ ಕೊನೆಯ ವಾರ.
ಅಡುಗೆಮನೆ ಕಿಟಕಿ ತೆರೆದರೆ
ಒಳಗೆ ಬಾಗಿ ನೋಡುವುದು ದ್ರಾಕ್ಷಿ,
ಬಚ್ಚಲಿಗೆ ಹೋದರೆ ತಲೆಗೆ ತಾಗುವುದು ದ್ರಾಕ್ಷಿ.
ಎಟುಕದ್ದು ಹುಳಿ ಎಂದು ಹೇಳಿ ನರಿ ಪಾರಾಯಿತು.
ಎಟುಕುವುದಕ್ಕೆ, ಸಿಹಿಯಾಗಿರುವುದಕ್ಕೆ,
ಸ್ವಂತ ಕೈಯಾರೆ ಗೊಬ್ಬರ ಹಾಕಿದ್ದಕ್ಕೆ
ಏನು ಹೇಳಿ ಪಾರಾಗಬೇಕು?

ಮೊದಲ ದಿನ ನಾನೇ ಎಣಿಸಿಕೊಟ್ಟೆ,
ಉಪ್ಪಿಡುತ್ತಿದ್ದ ನೀಲಿ ಬಟ್ಟಲಲ್ಲಿ.
ಇಪ್ಪತ್ತೆಂಟು ವರ್ಷ ಮಿನಿಬಸ್ಸು ಓಡಿಸಿದವನು,
ಬಟ್ಟಲನ್ನು ನೋಡಿದ, ಯಾರೋ
ಚಿಲ್ಲರೆ ಕಮ್ಮಿ ಕೊಟ್ಟ ಹಾಗೆ.
ಮತ್ತೊಮ್ಮೆ ಎಣಿಸಿದ. ಸರಿಯಾಗಿತ್ತು. ಅದೇ ಬೇಜಾರು.

ಮೂರನೆಯ ರಾತ್ರಿ ತೋಟದಲ್ಲಿ ಬೆಳಕು ಅಲ್ಲಾಡಿತು.
ಕಾಡುಹಂದಿ ಬಂತೆಂದು ಸಲಿಕೆ ಹಿಡಿದು ಹೋದೆ.
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಾನೆ ನನ್ನ ಗಂಡ,
ಗೊಂಚಲು ಗೊಂಚಲನ್ನೂ ತಡವಿ
ದಪ್ಪ ಕಾಳುಗಳನ್ನೇ ಆರಿಸುತ್ತಿದ್ದಾನೆ.
"ಚೀಟಿಯಲ್ಲಿ ಎಣಿಕೆ ಇದೆ ಲಮಾರಾ,
ಗಾತ್ರ ಎಲ್ಲಿದೆ ತೋರಿಸು."
ತೋರಿಸಲಾರದೆ ಸಲಿಕೆಗೆ ಒರಗಿ ನಿಂತೆ.
ಚಳಿ ಇತ್ತು. ಒಂದು ನನ್ನ ಬಾಯಿಗೂ ಹಾಕಿದ,
ಲೆಕ್ಕ ನಿನ್ನದು ಬೇರೆ, ಎಂದ.

ಕೊಯ್ಲಿನ ದಿನ ಇಪ್ಪತ್ತಾರು ಜನ.
ತೆಂಗಿಜ್ ಬಂದ, ಗುಲಿಕೋ ಬಂದಳು, ಅವಳ ಮೊಮ್ಮಕ್ಕಳು
ಕೆಂಪು ಬಾಯಿ, ಕೆಂಪು ಮೊಣಕೈ.
ಸಪೆರಾವಿ ಒಳಗೂ ಕೆಂಪು, ಹಿಂಡುವವರೆಗೂ ಕಾಯುವುದಿಲ್ಲ.
ರಸ ನೆಲದೊಳಗಿನ ಹೂಜಿಗೆ ಇಳಿಯುವ ಸದ್ದಿಗೆ
ಇವನು ಬೆನ್ನು ತಿರುಗಿಸಿ ಬುಟ್ಟಿ ತೊಳೆದ.
ಸಂಜೆ ಬಳ್ಳಿಕಡ್ಡಿಯ ಕೆಂಡದ ಮೇಲೆ ಮಾಂಸ,
ಉದ್ದ ಮೇಜು, ಎಲ್ಲರೂ ಒಂದೇ ಸಲ:
ಜುಂಬೇರ್, ಎದ್ದು ನಿಲ್ಲು! ನೀನಿಲ್ಲದೆ ಯಾರು ಮಾತಾಡಬೇಕು?

ಎದ್ದ. ಗ್ಲಾಸು ಮುಟ್ಟಲಿಲ್ಲ.
ನೀಲಿ ಬಟ್ಟಲನ್ನು ಎದುರಿಗೆಳೆದುಕೊಂಡು
ಎರಡು ಬೆರಳಲ್ಲಿ ಒಂದು ದ್ರಾಕ್ಷಿ ಎತ್ತಿ ಹಿಡಿದ.
ಮಕ್ಕಳು ಕಿಸಕ್ಕೆಂದರು.
ಅವನು ಈ ಮಣ್ಣಿಗೆ ಎಂದ, ತಿಂದ.
ಹೋದವರಿಗೆ ಎಂದ, ತಮ್ಮನ ಹೆಸರು ಹೇಳಿದ, ತಿಂದ,
ಅದನ್ನು ಎಷ್ಟು ಹೊತ್ತು ಅಗಿದನೆಂದರೆ
ತೆಂಗಿಜ್ ಗ್ಲಾಸು ಕೆಳಗಿಟ್ಟ.
ತಾಯಂದಿರಿಗೆ. ಬರದೇ ಇದ್ದವರಿಗೆ.
ಚೀಟಿ ಬರೆದ ಹುಡುಗಿಗೂ ಒಂದು,
ಅವಳಿಗೆ ನಗು ಬರಲಿ, ಎಂದ.
ಮೊದಲೆಲ್ಲ ಐದನೆಯ ಗ್ಲಾಸಿಗೇ ಮಾತು ತೊದಲಿ,
ಸತ್ತವರನ್ನೂ ಬದುಕಿದವರನ್ನೂ ಕಲಸಿ ಬಿಡುತ್ತಿದ್ದವನು
ಈ ಸಲ ಎಲ್ಲರನ್ನೂ ಅವರವರ ಜಾಗದಲ್ಲೇ ಕೂರಿಸಿದ.

ಹದಿನಾಲ್ಕಕ್ಕೆ ಮಾತು ನಿಂತಿತು.
ಬಟ್ಟಲಲ್ಲಿ ಒಂದು ಉಳಿದಿತ್ತು.
ಯಾರಿಗೆಂದು ಹೇಳದೆ ಜೇಬಿಗೆ ಹಾಕಿಕೊಂಡ.

ಮರುದಿನ ಒಗೆಯುವಾಗ ಸಿಕ್ಕಿತು:
ಜಜ್ಜಿದ ಸಿಪ್ಪೆ, ಎರಡು ಬೀಜ,
ಒಂದು ನಾಣ್ಯದಷ್ಟು ಕಲೆ.
ಸೋಪಿಗೂ ಹೋಗಲಿಲ್ಲ, ಬಿಸಿನೀರಿಗೂ ಹೋಗಲಿಲ್ಲ.
ನಾನೂ ಕೇಳಲಿಲ್ಲ.

ನಾಲ್ಕು ಕಿಲೋ ಇಳಿದಿದ್ದಾನೆ.
ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು.
ನನಗೆ ಯಾವ ಚೀಟಿಯೂ ಇಲ್ಲ,
ರಕ್ತ ಚೆನ್ನಾಗಿದೆ, ಎದೆ ಚೆನ್ನಾಗಿದೆ.
ಆದರೂ ಈಗೀಗ ಗೊಂಚಲು ಮಡಿಲಲ್ಲಿಟ್ಟು ಕೂತರೆ
ನಾಲಿಗೆ ತಾನಾಗಿ ಎಣಿಸುತ್ತದೆ.
ನಿನ್ನೆ ಹದಿನೇಳರವರೆಗೆ ಹೋಗಿ
ಬಾಗಿಲ ಕಡೆ ನೋಡಿದೆ.